ಕೈತಪ್ಪಿದ ಕೀಲಿಗೆ ಮುಂಚಿತವಾಗಿಯೇ ಬರೆದಿಡಬೇಕಾದ ರದ್ದತಿ ಪತ್ರ

ಹೊಸ ಲ್ಯಾಪ್‌ಟಾಪೊಂದನ್ನು ಕೊಂಡು, ಹಳೆಯದನ್ನು ಫಾರ್ಮ್ಯಾಟ್ ಮಾಡಿಸಿ ಮಾರಿದ ಕೆಲವು ತಿಂಗಳ ತರುವಾಯ, ದೂರದ ಸ್ನೇಹಿತರಿಂದಲೋ ಕಕ್ಷಿದಾರರಿಂದಲೋ ಗೂಢಲಿಪಿಯಲ್ಲಿ ಒಂದು ಇಮೇಲ್ ಬರುತ್ತದೆ. ಅದನ್ನು ಬಿಡಿಸಬೇಕಾದ ಖಾಸಗಿ ಕೀಲಿಯು ಆ ಹಳೆಯ ಡಿಸ್ಕಿನೊಡನೆಯೇ ಅಳಿದುಹೋಯಿತೆಂಬುದು ಆಗ ತಿಳಿಯುತ್ತದೆ. ಬರೆದವರಿಗೆ "ಆ ಕೀಲಿಯನ್ನು ಇನ್ನು ಬಳಸಬೇಡಿ" ಎಂದು ಉತ್ತರಿಸಬಹುದು. ಆದರೆ ಅದರ ಸಾರ್ವಜನಿಕ ಭಾಗವು ಕೀಲಿ ಸರ್ವರುಗಳಲ್ಲಿ ನಿಮ್ಮ ಹೆಸರನ್ನೂ ವಿಳಾಸವನ್ನೂ ಹೊತ್ತು ಹಾಗೆಯೇ ನಿಂತಿದೆ. ನಾಳೆ ಮತ್ತೊಬ್ಬರು ಅದನ್ನೇ ನಂಬಿ ಬರೆಯುತ್ತಾರೆ. ಅದನ್ನು ರದ್ದುಗೊಳಿಸೋಣವೆಂದರೆ ಅದಕ್ಕೆ ಬೇಕಾಗುವುದು ಕಳೆದುಹೋದ ಆ ಖಾಸಗಿ ಕೀಲಿಯೇ.

ಓಪನ್‌ಪಿಜಿಪಿ ಕ್ರಮದಲ್ಲಿ ಪತ್ರಗಳನ್ನೂ ಕಡತಗಳನ್ನೂ ರಕ್ಷಿಸಿ ಕಳುಹಿಸುವ ವಕೀಲರು, ಪತ್ರಕರ್ತರು, ಸಂಶೋಧಕರು, ತಾವು ಬರೆದ ತಂತ್ರಾಂಶಕ್ಕೆ ಸಹಿ ಹಾಕಿ ಬಿಡುಗಡೆ ಮಾಡುವವರು, ಇವರೆಲ್ಲರಿಗೂ ಒಂದಲ್ಲ ಒಂದು ದಿನ ಒದಗಬಹುದಾದ ಸಂಕಟವಿದು. ಕೀಲಿಯನ್ನು ಸೃಷ್ಟಿಸುವ ವಿಧಾನವನ್ನು ಹೇಳಿಕೊಡುವವರು ಅನೇಕರುಂಟು. ಅದನ್ನು ಅಂತ್ಯಗೊಳಿಸುವ ವಿಧಾನವನ್ನು ಅದೇ ದಿನ ಹೇಳಿಕೊಡುವವರು ವಿರಳ. ಅಂತ್ಯಕ್ಕೆ ಬೇಕಾದ ಸಾಮಗ್ರಿಯನ್ನು ಆರಂಭದಲ್ಲಿಯೇ ಸಿದ್ಧಪಡಿಸದೆ ಹೋದರೆ ಆಮೇಲೆ ಎಷ್ಟು ಪರಿತಪಿಸಿದರೂ ಅದು ದೊರೆಯದಾದುದರಿಂದ, ಈಗಾಗಲೇ ಕೀಲಿಯುಳ್ಳವರು ಇಂದೇ, ಹೊಸದಾಗಿ ಮಾಡಿಕೊಳ್ಳುವವರು ಅದೇ ಘಳಿಗೆಯಲ್ಲಿ, ಮುಂದೆ ವಿವರಿಸುವ ಸಿದ್ಧತೆಯನ್ನು ಪೂರೈಸಿಕೊಳ್ಳಬೇಕೆಂದು ನನ್ನ ಆಗ್ರಹ.

ರದ್ದುಗೊಳಿಸುವುದಕ್ಕೂ ಖಾಸಗಿ ಕೀಲಿಯೇ ಏಕೆ ಬೇಕು?

ಬಹಿರಂಗವಾಗಿ ಹಂಚಬಹುದಾದ ಒಂದು ಕೀಲಿ, ಗುಪ್ತವಾಗಿ ಉಳಿಯಬೇಕಾದ ಮತ್ತೊಂದು ಕೀಲಿ ಎಂಬ ಜೋಡಿಯ ಕಲ್ಪನೆಯನ್ನು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು; 1991ರಲ್ಲಿ ಫಿಲ್ ಜಿಮ್ಮರ್‌ಮನ್ ಪಿಜಿಪಿ ಎಂಬ ತಂತ್ರಾಂಶದ ಮೂಲಕ ಅದನ್ನು ಸಾಮಾನ್ಯರ ಕೈಗೆ ತಂದರು; ಜರ್ಮನಿಯ ವೆರ್ನರ್ ಕೋಖ್ ಅವರ ಗ್ನೂಪಿಜಿಯ 1.0 ಆವೃತ್ತಿ 1999ರಲ್ಲಿ ಹೊರಬಂದು, ಇಂದಿಗೂ ಈ ಕ್ರಮದ ಮುಖ್ಯ ಸಾಧನವಾಗಿ ಉಳಿದಿದೆ. ಇಷ್ಟು ಇತಿಹಾಸ ನಮ್ಮ ಕಾರ್ಯಕ್ಕೆ ಸಾಕು.

ಈ ಕ್ರಮದ ವೈಶಿಷ್ಟ್ಯವೇನೆಂದರೆ, ಕೀಲಿಗಳನ್ನು ಕೊಡುವ ಕೇಂದ್ರ ಕಚೇರಿಯೊಂದು ಇದರಲ್ಲಿಲ್ಲ. ನಮ್ಮ ದೇಶದ ಲೆಕ್ಕಪರಿಶೋಧಕರೂ ಗುತ್ತಿಗೆದಾರರೂ ಯುಎಸ್‌ಬಿ ಟೋಕನ್ನಿನಲ್ಲಿಟ್ಟುಕೊಂಡು ಬಳಸುವ ಡಿಎಸ್‌ಸಿಯ, ಎಂದರೆ ಡಿಜಿಟಲ್ ಸಹಿ ಪ್ರಮಾಣಪತ್ರದ, ಸಂಗತಿ ಬೇರೆ. ಅಲ್ಲಿ ಪ್ರಮಾಣಪತ್ರವನ್ನು ಕೊಟ್ಟ ಸಂಸ್ಥೆಯೇ ಅದನ್ನು ರದ್ದುಗೊಳಿಸಬಲ್ಲದು. ಖಾಸಗಿ ಕೀಲಿಯ ಮೇಲಣ ಹತೋಟಿ ತಪ್ಪಿದರೆ ವಿಳಂಬವಿಲ್ಲದೆ ಆ ಸಂಸ್ಥೆಗೆ ತಿಳಿಸತಕ್ಕದ್ದೆಂದೂ, ತಿಳಿಸುವವರೆಗಿನ ಹೊಣೆ ಚಂದಾದಾರನದೇ ಎಂದೂ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಕಲಂ ವಿಧಿಸುತ್ತದೆ. ಟೋಕನ್ ಕಳೆದುಕೊಂಡವರು ಗುರುತಿನ ದಾಖಲೆಯೊಡನೆ ಅರ್ಜಿ ಸಲ್ಲಿಸಿ ಹೊಸದನ್ನು ಪಡೆಯಬಹುದು. ಓಪನ್‌ಪಿಜಿಪಿಯಲ್ಲಾದರೋ ಅರ್ಜಿ ಸಲ್ಲಿಸುವುದಕ್ಕೆ ಯಾವ ಕಚೇರಿಯೂ ಇಲ್ಲ. ಕೊಡುವವರೂ ನೀವೇ, ಹಿಂತೆಗೆದುಕೊಳ್ಳುವವರೂ ನೀವೇ.

ಹಾಗಾದರೆ ಹಿಂತೆಗೆದುಕೊಳ್ಳುವವರು ನೀವೇ ಎಂಬುದನ್ನು ಲೋಕವು ತಿಳಿಯುವುದು ಹೇಗೆ? ಯಾರು ಬೇಕಾದರೂ ಯಾರ ಕೀಲಿಯನ್ನು ಬೇಕಾದರೂ ರದ್ದೆಂದು ಸಾರಬಹುದಾಗಿದ್ದರೆ ದ್ವೇಷವುಳ್ಳವನೊಬ್ಬನು ಒಂದೇ ಸಂಜೆಯಲ್ಲಿ ನೂರಾರು ಜನರ ಪತ್ರವ್ಯವಹಾರವನ್ನು ನಿಲ್ಲಿಸಿಬಿಡಬಹುದಿತ್ತು. ಆದುದರಿಂದ "ಈ ಕೀಲಿಯು ಇನ್ನು ಬಳಕೆಗೆ ಅಲ್ಲ" ಎಂಬ ಹೇಳಿಕೆಗೆ ಅದೇ ಕೀಲಿಯ ಸಹಿ ಇರಬೇಕೆಂಬುದು ಸಾಮಾನ್ಯ ನಿಯಮ. ಆ ಸಹಿಯನ್ನು ಕೀಲಿ ಕೈಯಲ್ಲಿರುವಾಗಲೇ ಹಾಕಿಸಿ, ಹೇಳಿಕೆಯನ್ನು ಪ್ರಕಟಿಸದೆ ಜೋಪಾನವಾಗಿ ತೆಗೆದಿಟ್ಟರೆ, ಅದೇ ರದ್ದತಿ ಪತ್ರ. ಸ್ವಸ್ಥಚಿತ್ತದಲ್ಲಿದ್ದಾಗ ಬರೆದು ಸಹಿ ಮಾಡಿಟ್ಟ ಉಯಿಲಿನಂತೆ, ಬರೆದವನಿಗೆ ಸಹಿ ಹಾಕುವ ಶಕ್ತಿ ಉಳಿಯದ ದಿನ ಅದು ಊರ್ಜಿತಕ್ಕೆ ಬರುತ್ತದೆ.

ಕಳೆಯುವುದು ಬೇರೆ, ಕಳುವಾಗುವುದು ಬೇರೆ

ಈ ಎರಡು ಅಪಾಯಗಳನ್ನು ಒಂದೇ ಎಂದು ಭಾವಿಸುವುದರಿಂದಲೇ ಸಿದ್ಧತೆಗಳು ಕೆಡುತ್ತವೆ. ಡಿಸ್ಕ್ ಕೆಟ್ಟು, ಪಾಸ್‌ಫ್ರೇಸ್ ಮರೆತು, ಪೆನ್‌ಡ್ರೈವ್ ಎಲ್ಲಿಯೋ ಬಿದ್ದುಹೋಗಿ ಕೀಲಿಯು ನಿಮಗೂ ಇಲ್ಲದಂತಾದರೆ ಅದು ನಷ್ಟ. ಅದಕ್ಕೆ ಪರಿಹಾರ ಹೆಚ್ಚು ಪ್ರತಿಗಳು. ಕೀಲಿಯು ನಿಮ್ಮಲ್ಲಿ ಇದ್ದಂತೆಯೇ ಇದ್ದು ಮತ್ತೊಬ್ಬರ ಕೈಗೂ ಸೇರಿದರೆ ಅದು ಚೌರ್ಯ. ಅದಕ್ಕೆ ಪರಿಹಾರ ಕಡಮೆ ಪ್ರತಿಗಳು. ಒಂದರ ಔಷಧಿ ಮತ್ತೊಂದರ ಪಥ್ಯಕ್ಕೆ ವಿರುದ್ಧವಾಗಿರುವುದರಿಂದ, ಖಾಸಗಿ ಕೀಲಿಯ ಪ್ರತಿಗಳನ್ನು ಮಿತವಾಗಿಯೂ ರದ್ದತಿ ಪತ್ರದ ಪ್ರತಿಗಳನ್ನು ಉದಾರವಾಗಿಯೂ ಇಡುವುದು ಯುಕ್ತ. ಏಕೆಂದರೆ ರದ್ದತಿ ಪತ್ರವು ದುಷ್ಟರ ಕೈಗೆ ಸಿಕ್ಕರೂ ಅವರು ನಿಮ್ಮ ಕೀಲಿಯನ್ನು ಕೊನೆಗಾಣಿಸಿ ನಿಮಗೆ ಕಿರುಕುಳ ಕೊಡಬಹುದೇ ಹೊರತು, ನಿಮ್ಮ ಒಂದು ಪತ್ರವನ್ನಾದರೂ ಓದಲಾರರು, ನಿಮ್ಮ ಹೆಸರಿನಲ್ಲಿ ಒಂದು ಸಾಲಿಗಾದರೂ ಸಹಿ ಹಾಕಲಾರರು.

ಚೌರ್ಯಕ್ಕೆ ಕಳ್ಳನೇ ಬರಬೇಕೆಂದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಅಡೋಬಿ ಸಂಸ್ಥೆಯ ಉತ್ಪನ್ನ ಭದ್ರತಾ ತಂಡವು ತನ್ನ ಸಾರ್ವಜನಿಕ ಕೀಲಿಯನ್ನು ಜಾಲದಲ್ಲಿ ಪ್ರಕಟಿಸಹೊರಟು, ಅದೇ ಪುಟದಲ್ಲಿ ಅದರ ಕೆಳಗೆ ಖಾಸಗಿ ಕೀಲಿಯನ್ನೂ ಪ್ರಕಟಿಸಿಬಿಟ್ಟಿತು. ಒಡನೆಯೇ ಅದನ್ನು ರದ್ದುಗೊಳಿಸಿ ಹೊಸ ಕೀಲಿಯನ್ನು ಪ್ರಕಟಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್‌ಫಿನಿಯಾನ್ ಚಿಪ್ಪುಗಳು ಆರ್‌ಎಸ್‌ಎ ಕೀಲಿಗಳನ್ನು ಸೃಷ್ಟಿಸುವ ರೀತಿಯಲ್ಲಿಯೇ ರೋಕಾ ಎಂಬ ಹೆಸರಿನ ದೋಷವಿರುವುದು ಬಹಿರಂಗವಾಗಿ, ಎಸ್ಟೋನಿಯಾ ದೇಶವು ಸುಮಾರು 7.5 ಲಕ್ಷ ಗುರುತಿನ ಚೀಟಿಗಳ ಪ್ರಮಾಣಪತ್ರಗಳನ್ನು ಅಮಾನತಿನಲ್ಲಿಡಬೇಕಾಯಿತು. ಕೀಲಿಯನ್ನು ತಮ್ಮೊಳಗೇ ಇಟ್ಟುಕೊಳ್ಳುವ ಕೆಲವು ಯೂಬಿಕೀ 4 ಸಾಧನಗಳಲ್ಲಿ ಹುಟ್ಟಿದ ಕೀಲಿಗಳೂ ದುರ್ಬಲವೆಂದು ತಿಳಿದುಬಂತು. ಕೀಲಿಯ ಒಡೆಯರು ಎಷ್ಟೇ ಜಾಗರೂಕರಾಗಿದ್ದರೂ, ತಮ್ಮದಲ್ಲದ ತಪ್ಪಿಗಾಗಿ ರದ್ದುಗೊಳಿಸಬೇಕಾದ ಪ್ರಸಂಗ ಬರುವುದುಂಟು.

ಮುಂಚಿತವಾಗಿ ಮಾಡಬೇಕಾದುದು

1. ರದ್ದತಿ ಪತ್ರವನ್ನು ಹುಡುಕಿ ತೆಗೆಯಿರಿ. 2014ರಲ್ಲಿ ಬಂದ ಗ್ನೂಪಿಜಿ 2.1 ಆವೃತ್ತಿಯಿಂದ ಈಚೆಗೆ, ಹೊಸ ಕೀಲಿ ಸೃಷ್ಟಿಯಾದಾಗಲೆಲ್ಲ ರದ್ದತಿ ಪತ್ರವೂ ತಾನಾಗಿಯೇ ಸೃಷ್ಟಿಯಾಗುತ್ತದೆ. ಲಿನಕ್ಸಿನಲ್ಲಿ ನಿಮ್ಮ ಹೋಮ್ ಫೋಲ್ಡರಿನ ಒಳಗೆ ಅಡಗಿರುವ 'ಡಾಟ್ ಗ್ನೂಪಿಜಿ' ಫೋಲ್ಡರಿನಲ್ಲಿಯೂ, ವಿಂಡೋಸಿನಲ್ಲಿ 'ಆಪ್‌ಡೇಟಾ'ದ ಗ್ನೂಪಿಜಿ ಫೋಲ್ಡರಿನಲ್ಲಿಯೂ 'ಓಪನ್‌ಪಿಜಿಪಿ-ರೆವೋಕ್ಸ್ ಡಾಟ್ ಡಿ' ಎಂಬ ಒಳಫೋಲ್ಡರ್ ಇರುತ್ತದೆ. ಅದರಲ್ಲಿ ನಿಮ್ಮ ಕೀಲಿಯ ಫಿಂಗರ್‌ಪ್ರಿಂಟನ್ನೇ, ಸಾಮಾನ್ಯವಾಗಿ 40 ಅಂಕಾಕ್ಷರಗಳನ್ನು, ಹೆಸರಾಗುಳ್ಳ ಒಂದು ಸಣ್ಣ ಕಡತವಿರುತ್ತದೆ. ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ. ಮೊದಲಿಗೆ ಇದು ಯಾವ ಕೀಲಿಯ ರದ್ದತಿ ಪತ್ರ, ಯಾವಾಗ ಬಳಸತಕ್ಕದ್ದು ಎಂಬ ವಿವರಣೆ. ಅದರ ಕೆಳಗೆ 'ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್' ಎಂದು ಆರಂಭವಾಗುವ ಕೆಲವೇ ಸಾಲುಗಳ ಅಕ್ಷರಸಮೂಹ. ಆ ಆರಂಭದ ಸಾಲಿನ ಐದು ಅಡ್ಡಗೆರೆಗಳಿಗೂ ಮುಂಚೆ ಒಂದು ಕೋಲನ್ ಚಿಹ್ನೆಯನ್ನು ಬೇಕೆಂದೇ ಸೇರಿಸಿರುತ್ತಾರೆ. ಅದು ಅಲ್ಲಿರುವವರೆಗೆ ಕಡತವನ್ನು ಅಕಸ್ಮಾತ್ತಾಗಿ ಇಂಪೋರ್ಟ್ ಮಾಡಿದರೂ ಕೀಲಿ ರದ್ದಾಗುವುದಿಲ್ಲ. ಒಂದು ಚಿಹ್ನೆಯಿಂದ ಇಷ್ಟು ದೊಡ್ಡ ಅನಾಹುತವನ್ನು ತಡೆದ ವಿವೇಕ ಮೆಚ್ಚತಕ್ಕದ್ದು.

ಈ ಕಡತವು ಹುಟ್ಟಿದ ಸ್ಥಳದಲ್ಲಿಯೇ ಉಳಿದರೆ ಡಿಸ್ಕ್ ಹೋದ ದಿನ ಅದೂ ಹೋಗುತ್ತದೆ. ಆದುದರಿಂದ ಪೆನ್‌ಡ್ರೈವಿಗೆ ಒಂದು ಪ್ರತಿ, ಕಾಗದದ ಮೇಲೆ ಒಂದು ಪ್ರತಿ ಮಾಡಿ, ಅವನ್ನು ಬೇರೆ ಬೇರೆ ಮನೆಗಳಲ್ಲಿಡಿ. ಕಾಗದಕ್ಕೆ ಲೇಸರ್ ಮುದ್ರಣವೇ ಲೇಸು. ಇಂಕ್‌ಜೆಟ್ಟಿನ ಮಸಿ ಮಲೆನಾಡಿನ ಮಳೆಗಾಲದ ತೇವಕ್ಕೆ ಹರಡುತ್ತದೆ, ರಸೀದಿಯ ಥರ್ಮಲ್ ಕಾಗದದ ಅಕ್ಷರ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಗೆದ್ದಲು ಹತ್ತದ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟರೆ ಮತ್ತೂ ಕ್ಷೇಮ. ರದ್ದತಿ ಪತ್ರದ ಜೊತೆಯಲ್ಲಿ ಸಾರ್ವಜನಿಕ ಕೀಲಿಯ ಪ್ರತಿಯನ್ನೂ ಇಡುವುದನ್ನು ಮರೆಯಬೇಡಿ. ರದ್ದತಿಯನ್ನು ಅಂಟಿಸುವುದಕ್ಕೆ ಅದು ಬೇಕೇ ಬೇಕು.

ಹಳೆಯ ಆವೃತ್ತಿಯಲ್ಲಿ ಕೀಲಿ ಮಾಡಿಕೊಂಡವರಿಗೆ ಈ ಕಡತ ಇರಲಾರದು. ಅವರು ಗ್ನೂಪಿಜಿಯ 'ಜನರೇಟ್-ರೆವೊಕೇಶನ್' ಆಜ್ಞೆಯನ್ನು ಕೊಟ್ಟು ಈಗಲೇ ಮಾಡಿಕೊಳ್ಳಬಹುದು. ವಿಂಡೋಸಿನವರಿಗೆ ಕ್ಲಿಯೋಪಾತ್ರ ತಂತ್ರಾಂಶದಲ್ಲಿ ಕೀಲಿಯ ವಿವರಗಳ ಕಿಟಕಿಯಲ್ಲಿಯೇ ಇದಕ್ಕೆ ಅನುಕೂಲವಿದೆ.

2. ಕೀಲಿಗೆ ಮುಕ್ತಾಯದ ದಿನಾಂಕವನ್ನು ಇಡಿ. ರದ್ದತಿ ಪತ್ರವೂ ಕಳೆದುಹೋಗಬಹುದು. ಕಾಲವೊಂದು ಮಾತ್ರ ಕಳೆದುಹೋಗದೆ ತನ್ನ ಕೆಲಸವನ್ನು ಮಾಡುತ್ತದೆ. ಒಂದು ಅಥವಾ ಎರಡು ವರ್ಷದ ಅವಧಿಯನ್ನು ನಿಗದಿಪಡಿಸಿದರೆ, ನೀವು ಕೀಲಿಯನ್ನು ಕಳೆದುಕೊಂಡು ಏನನ್ನೂ ಮಾಡಲಾಗದೆ ಕುಳಿತರೂ ಆ ದಿನ ಬಂದೊಡನೆ ಇತರರ ತಂತ್ರಾಂಶವು ಅದಕ್ಕೆ ಬರೆಯಲು ತಾನಾಗಿಯೇ ನಿರಾಕರಿಸುತ್ತದೆ. ಅವಧಿ ಮುಗಿದರೆ ಕೀಲಿ ಸತ್ತೇಹೋಗುತ್ತದೆಂಬ ಭಯದಿಂದ ಅನೇಕರು ದಿನಾಂಕವನ್ನೇ ಇಡುವುದಿಲ್ಲ. ಅದು ನಿರಾಧಾರವಾದ ಭಯ. ಖಾಸಗಿ ಕೀಲಿ ಕೈಯಲ್ಲಿರುವವರೆಗೆ, ಅವಧಿ ಮುಗಿದ ಮೇಲೂ, ದಿನಾಂಕವನ್ನು ಮುಂದೂಡಿ ಸಾರ್ವಜನಿಕ ಕೀಲಿಯನ್ನು ಮತ್ತೆ ಪ್ರಕಟಿಸಬಹುದು. ಆದರೆ ಖಾಸಗಿ ಕೀಲಿಯನ್ನು ಕದ್ದವನೂ ಹೀಗೆ ಮುಂದೂಡಬಲ್ಲನಾದುದರಿಂದ, ಈ ಉಪಾಯ ನಷ್ಟಕ್ಕೆ ಮದ್ದೇ ಹೊರತು ಚೌರ್ಯಕ್ಕಲ್ಲ.

3. ಖಾಸಗಿ ಕೀಲಿಗೆ ಒಂದೆರಡು ಪ್ರತಿಗಳನ್ನು ಮಾಡಿ, ಜಾಲದ ಸಂಪರ್ಕವಿಲ್ಲದ ಸ್ಥಳದಲ್ಲಿಡಿ. ಎಕ್ಸ್‌ಪೋರ್ಟ್ ಮಾಡಿದ ಕಡತವು ಪಾಸ್‌ಫ್ರೇಸಿನ ರಕ್ಷಣೆಯಲ್ಲಿಯೇ ಇರುತ್ತದೆಯಾದರೂ ಪಾಸ್‌ಫ್ರೇಸ್ ದುರ್ಬಲವಾಗಿದ್ದರೆ ಆ ರಕ್ಷಣೆ ಹೆಸರಿಗೆ ಮಾತ್ರ. ಕಾಗದವನ್ನು ಇಷ್ಟಪಡುವವರಿಗೆ ಪೇಪರ್‌ಕೀ ಎಂಬ ತಂತ್ರಾಂಶವಿದೆ. ಅದು ಗುಪ್ತ ಭಾಗವನ್ನಷ್ಟೇ ಮುದ್ರಿಸುವುದರಿಂದ ಮರಳಿ ಪಡೆಯುವಾಗ ಸಾರ್ವಜನಿಕ ಕೀಲಿಯೂ ಬೇಕು. ಥಂಡರ್‌ಬರ್ಡ್ ಬಳಸುವವರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು: 78ನೆಯ ಆವೃತ್ತಿಯಿಂದ ಅದರಲ್ಲಿ ಓಪನ್‌ಪಿಜಿಪಿ ಅಂತರ್ಗತವಾಗಿದ್ದು, ಕೀಲಿಗಳನ್ನು ಗ್ನೂಪಿಜಿಯ ಫೋಲ್ಡರಿನಲ್ಲಲ್ಲದೆ ತನ್ನದೇ ಪ್ರೊಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಗ್ನೂಪಿಜಿ ಫೋಲ್ಡರಿನ ಪ್ರತಿ ಮಾಡಿದ ಮಾತ್ರಕ್ಕೆ ಅಲ್ಲಿಯ ಕೀಲಿಗಳು ಭದ್ರವಾಗಲಿಲ್ಲ. ಥಂಡರ್‌ಬರ್ಡಿನ ಕೀಲಿ ನಿರ್ವಹಣೆಯ ಕಿಟಕಿಗೆ ಹೋಗಿ ಗುಪ್ತ ಕೀಲಿಯ ಬ್ಯಾಕಪ್ ಬೇರೆಯಾಗಿಯೇ ತೆಗೆಯಬೇಕು.

4. ಸಾಧ್ಯವಾದರೆ ಮೂಲಕೀಲಿಯನ್ನೂ ಉಪಕೀಲಿಗಳನ್ನೂ ಪ್ರತ್ಯೇಕಿಸಿ. ನಾವು ಒಂದೇ ಎಂದು ಭಾವಿಸುವ ಕೀಲಿಯಲ್ಲಿ ವಸ್ತುತಃ ಒಂದು ಮೂಲಕೀಲಿಯೂ ಅದರ ಅಧೀನದಲ್ಲಿ ಒಂದೋ ಹೆಚ್ಚೋ ಉಪಕೀಲಿಗಳೂ ಇರುತ್ತವೆ. ಗುರುತನ್ನು ಪ್ರಮಾಣೀಕರಿಸುವುದು, ಅವಧಿ ಮುಂದೂಡುವುದು, ರದ್ದುಪಡಿಸುವುದು ಮೂಲಕೀಲಿಯ ಅಧಿಕಾರ; ದಿನನಿತ್ಯದ ಪತ್ರಗಳನ್ನು ಬಿಡಿಸುವುದು ಉಪಕೀಲಿಯ ಕೆಲಸ. ಮೂಲಕೀಲಿಯನ್ನು ಪೆನ್‌ಡ್ರೈವಿನಲ್ಲಿ ಬೀರುವಿನೊಳಗಿಟ್ಟು ಉಪಕೀಲಿಗಳನ್ನಷ್ಟೇ ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಂಡವರು, ಲ್ಯಾಪ್‌ಟಾಪ್ ಕಳುವಾದ ದಿನ ಉಪಕೀಲಿಗಳನ್ನು ಮಾತ್ರ ರದ್ದುಪಡಿಸಿ ಹೊಸ ಉಪಕೀಲಿಗಳನ್ನು ಸೇರಿಸಿದರಾಯಿತು. ಅವರ ಫಿಂಗರ್‌ಪ್ರಿಂಟ್ ಬದಲಾಗುವುದಿಲ್ಲ, ವರ್ಷಗಳಿಂದ ಇತರರು ಹಾಕಿದ ಪ್ರಮಾಣಸಹಿಗಳೂ ಉಳಿಯುತ್ತವೆ. ಗುಪ್ತ ಕೀಲಿಗಳ ಪಟ್ಟಿಯಲ್ಲಿ 'ಸೆಕ್' ಎಂಬ ಪದದ ಪಕ್ಕದಲ್ಲಿ # ಚಿಹ್ನೆ ಕಂಡರೆ ಮೂಲಕೀಲಿ ಆ ಯಂತ್ರದಲ್ಲಿಲ್ಲವೆಂದು ಅರ್ಥ. ಇದು ಸ್ವಲ್ಪ ಶ್ರಮದ ಕೆಲಸವಾದುದರಿಂದ, ಹೊಸಬರು ಮೊದಲಿನ ಮೂರನ್ನು ಪೂರೈಸಿದ ಮೇಲೆ ಇದಕ್ಕೆ ಕೈಹಾಕಿದರೆ ಸಾಕೆಂದು ನನ್ನ ಅಭಿಪ್ರಾಯ.

ಯೂಬಿಕೀ, ನೈಟ್ರೋಕೀ ಮೊದಲಾದ ಸಾಧನಗಳನ್ನು ಬಳಸುವವರಿಗೆ ಒಂದು ಎಚ್ಚರಿಕೆ: ಸಾಧನದೊಳಗೆ ಸೇರಿದ ಕೀಲಿಯನ್ನು ಹೊರತೆಗೆಯಲು ಬಾರದು. ಅದೇ ಅದರ ಶ್ರೇಷ್ಠತೆ, ಅದೇ ಅದರ ಅಪಾಯ. ಸಾಧನದೊಳಗೇ ಕೀಲಿಯನ್ನು ಹುಟ್ಟಿಸಿ ಪ್ರತಿಯಿಲ್ಲದೆ ಬಳಸಿದರೆ ಸಾಧನ ಕೆಟ್ಟ ದಿನ ಹಳೆಯ ಪತ್ರಗಳೆಲ್ಲವೂ ಮುಚ್ಚಿದಂತೆಯೇ. ಸಾಮಾನ್ಯವಾಗಿ ಪಿನ್ನನ್ನು 3 ಬಾರಿ ತಪ್ಪಾಗಿ ಕೊಟ್ಟರೆ ಅದು ಬಂದ್ ಆಗುತ್ತದೆ. ಅದನ್ನು ತೆರೆಯಬಲ್ಲ ಅಡ್ಮಿನ್ ಪಿನ್ನೂ 3 ಬಾರಿ ತಪ್ಪಿದರೆ ಒಳಗಿನ ಕೀಲಿಗಳ ಆಸೆಯನ್ನು ಬಿಡಬೇಕಾಗುತ್ತದೆ.

5. ಪ್ರತಿಯಿಂದ ಕೀಲಿ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿ. ಬೇರೊಂದು ಕಂಪ್ಯೂಟರಿನಲ್ಲಿಯೋ, ಅದೇ ಕಂಪ್ಯೂಟರಿನ ಹೊಸ ಯೂಸರ್ ಖಾತೆಯಲ್ಲಿಯೋ, ಪೆನ್‌ಡ್ರೈವಿನಿಂದಲೇ ನಡೆಯುವ ಟೇಲ್ಸ್ ವ್ಯವಸ್ಥೆಯಲ್ಲಿಯೋ ಆ ಪ್ರತಿಯನ್ನು ಇಂಪೋರ್ಟ್ ಮಾಡಿ, ಪಾಸ್‌ಫ್ರೇಸ್ ಕೊಟ್ಟು, ಹಳೆಯ ಪತ್ರವೊಂದನ್ನು ಬಿಡಿಸಿ ನೋಡಿ. ಬಿಡಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯಲು ನಾನು ಒಪ್ಪಲಾರೆ. ರದ್ದತಿ ಪತ್ರದ ಪರೀಕ್ಷೆಯನ್ನೂ ಇಂಥ ತಾತ್ಕಾಲಿಕ ಸ್ಥಳದಲ್ಲಿಯೇ, ಜಾಲದ ಸಂಪರ್ಕವನ್ನು ತೆಗೆದುಹಾಕಿ, ಮಾಡತಕ್ಕದ್ದು. ನಿಮ್ಮ ನಿಜವಾದ ಕೀಲಿಗೊಂಚಲಿನಲ್ಲಿ, ಎಂದರೆ ಕೀರಿಂಗಿನಲ್ಲಿ, ಸರ್ವಥಾ ಕೂಡದು.

ರದ್ದುಗೊಳಿಸಬೇಕಾದ ದಿನ

ಗಾಬರಿಯಲ್ಲಿ ಕೈಹಾಕುವ ಮುನ್ನ ಕೀಲಿ ನಿಜವಾಗಿ ಕಳೆದಿದೆಯೇ ಎಂದು ನಿಶ್ಚಯಿಸಿಕೊಳ್ಳಿ. ಪ್ರಕಟವಾದ ರದ್ದತಿಯನ್ನು ಹಿಂಪಡೆಯುವ ಮಾರ್ಗವಿಲ್ಲ. ಕಳುವಾಗಿದೆಯೆಂಬ ಬಲವಾದ ಸಂದೇಹವಿದ್ದರೆ ಮಾತ್ರ ತಡಮಾಡಬೇಡಿ.

1. ಖಾಸಗಿ ಕೀಲಿ ಇನ್ನೂ ಕೈಯಲ್ಲಿದ್ದರೆ ಹಳೆಯ ಸಿದ್ಧ ಪತ್ರವನ್ನು ಬಳಸದೆ, ಕಾರಣವನ್ನು ಸರಿಯಾಗಿ ನಮೂದಿಸಿ ಹೊಸ ರದ್ದತಿ ಪತ್ರವನ್ನು ಮಾಡಿ. ಗ್ನೂಪಿಜಿ ನಿಮ್ಮ ಮುಂದೆ 0ಯಿಂದ 3ರವರೆಗೆ ನಾಲ್ಕು ಆಯ್ಕೆಗಳನ್ನಿಡುತ್ತದೆ: 0 ಎಂದರೆ ಕಾರಣ ಹೇಳಿಲ್ಲ, 1 ಎಂದರೆ ಕೀಲಿ ಪರರ ವಶವಾಗಿದೆ, 2 ಎಂದರೆ ಇದರ ಸ್ಥಾನದಲ್ಲಿ ಹೊಸದು ಬಂದಿದೆ, 3 ಎಂದರೆ ಬಳಕೆ ನಿಂತಿದೆ. ಈ ಆಯ್ಕೆ ಬರಿಯ ಔಪಚಾರಿಕವಲ್ಲ. ಪರರ ವಶವಾದ ಕೀಲಿಯಿಂದ ಹಿಂದಿನ ದಿನಾಂಕ ಹಾಕಿ ಸುಳ್ಳು ಸಹಿ ಮಾಡಬಹುದಾದುದರಿಂದ 1ನೆಯ ಕಾರಣ ಕೊಟ್ಟರೆ ಆ ಕೀಲಿಯ ಹಿಂದಿನ ಸಹಿಗಳೆಲ್ಲವೂ ಸಂದೇಹಾಸ್ಪದವಾಗುತ್ತವೆ. 2 ಅಥವಾ 3ನ್ನು ಕೊಟ್ಟರೆ ರದ್ದತಿಗೆ ಮುಂಚಿನ ಸಹಿಗಳು ಮಾನ್ಯವಾಗಿಯೇ ಉಳಿಯುತ್ತವೆ. ತಾನಾಗಿಯೇ ಸೃಷ್ಟಿಯಾಗುವ ರದ್ದತಿ ಪತ್ರದಲ್ಲಿ ಇರುವುದು 0.

2. ಹೊಸ ಕೀಲಿಗೆ ಸಾಗುವುದಷ್ಟೇ ಉದ್ದೇಶವಾಗಿದ್ದು ಹಳೆಯದು ಸುರಕ್ಷಿತವಾಗಿದ್ದರೆ, ಮೊದಲು ಹೊಸ ಕೀಲಿಯನ್ನು ಮಾಡಿ, ಹಳೆಯದರಿಂದ ಅದಕ್ಕೆ ಪ್ರಮಾಣಸಹಿ ಹಾಕಿ, ಆಮೇಲೆ ಹಳೆಯದನ್ನು ರದ್ದುಪಡಿಸಿ. ಕ್ರಮ ತಿರುವುಮುರುವಾದರೆ ಆ ಸಹಿಗೆ ಬೆಲೆಯಿಲ್ಲ.

3. ಖಾಸಗಿ ಕೀಲಿ ಇಲ್ಲವಾಗಿದ್ದರೆ ತೆಗೆದಿಟ್ಟ ರದ್ದತಿ ಪತ್ರದ ಒಂದು ಪ್ರತಿಯನ್ನು ಎಡಿಟರಿನಲ್ಲಿ ತೆರೆದು, ಅಡ್ಡಗೆರೆಗಳ ಮುಂದಿನ ಕೋಲನ್ ಅಳಿಸಿ, ಉಳಿಸಿ, ಸಾರ್ವಜನಿಕ ಕೀಲಿ ಇರುವ ಕೀಲಿಗೊಂಚಲಿಗೆ ಇಂಪೋರ್ಟ್ ಮಾಡಿ. ಪಟ್ಟಿಯಲ್ಲಿ ಆ ಕೀಲಿಯ ಮುಂದೆ ರದ್ದಾಗಿದೆಯೆಂಬ ಗುರುತು ಕಾಣಬೇಕು.

4. ಇಷ್ಟಾದರೂ ರದ್ದತಿಯು ನಿಮ್ಮ ಕಂಪ್ಯೂಟರಿನೊಳಗೇ ಇದೆ. ರದ್ದಾದ ಸಾರ್ವಜನಿಕ ಕೀಲಿಯನ್ನು ನೀವು ಮೊದಲು ಪ್ರಕಟಿಸಿದ್ದ ಎಲ್ಲ ಸರ್ವರುಗಳಿಗೂ ಕಳುಹಿಸಿ; ನಿಮ್ಮ ಅಥವಾ ಸಂಸ್ಥೆಯ ತಾಣದಲ್ಲಿಟ್ಟಿದ್ದ ಪ್ರತಿಯನ್ನು ಬದಲಾಯಿಸಿ. 2019ರಿಂದ ನಡೆಯುತ್ತಿರುವ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಸರ್ವರು ರದ್ದತಿಯನ್ನು ಇಮೇಲ್ ದೃಢೀಕರಣವಿಲ್ಲದೆಯೇ ಸ್ವೀಕರಿಸಿ ಹಂಚುತ್ತದೆ.

5. ನಿಮಗೆ ಬರೆಯುವವರೆಲ್ಲರಿಗೂ ಖುದ್ದಾಗಿ ತಿಳಿಸಿ. ಹೊಸ ಕೀಲಿಯ ಫಿಂಗರ್‌ಪ್ರಿಂಟನ್ನು ಇಮೇಲಿನಲ್ಲಿ ಮಾತ್ರ ಕಳುಹಿಸಿದರೆ, ನಿಮ್ಮ ಹೆಸರಿನಲ್ಲಿ ಮತ್ತೊಬ್ಬರೂ ಹಾಗೆಯೇ ಕಳುಹಿಸಬಹುದು. ಫೋನಿನಲ್ಲಿ ನಾಲ್ಕು ನಾಲ್ಕು ಅಕ್ಷರಗಳಂತೆ ಓದಿ ಹೇಳಿ, ಅವರಿಂದ ಮರಳಿ ಓದಿಸಿ.

ರದ್ದತಿ ಪತ್ರವೂ ಇಲ್ಲ, ಕೀಲಿಯೂ ಇಲ್ಲ ಎನ್ನುವವರಿಗೆ ಉಳಿದ ಹಾದಿಗಳು ಸಂಕುಚಿತ. ಹಳೆಯ ಪೆನ್‌ಡ್ರೈವುಗಳಲ್ಲಿಯೂ ಹಿಂದಿನ ಬ್ಯಾಕಪ್ಪುಗಳಲ್ಲಿಯೂ ಗ್ನೂಪಿಜಿಯ ಫೋಲ್ಡರನ್ನು ಹುಡುಕಿ. ಯಾರನ್ನಾದರೂ ಮುಂಚೆಯೇ ರದ್ದತಿಯ ಅಧಿಕಾರಿಯನ್ನಾಗಿ ನೇಮಿಸಿದ್ದರೆ ಅವರ ಕೀಲಿಯಿಂದ ರದ್ದುಮಾಡಿಸಿ. ಮೇಲೆ ಹೇಳಿದ ಸರ್ವರಿನಲ್ಲಿ, ಇಮೇಲ್ ಖಾತೆಯಾದರೂ ನಿಮ್ಮ ಕೈಯಲ್ಲಿದ್ದರೆ, ಆ ವಿಳಾಸವನ್ನು ಹಳೆಯ ಕೀಲಿಯಿಂದ ಬಿಡಿಸಿ ಹೊಸ ಕೀಲಿಗೆ ಹೊಂದಿಸಬಹುದು. 2021ರಲ್ಲಿ ನಿಂತುಹೋದ ಎಸ್‌ಕೆಎಸ್ ಸಮೂಹದಂಥ ಹಳೆಯ ಸರ್ವರುಗಳಲ್ಲಿ ಆ ಸೌಕರ್ಯವಿರಲಿಲ್ಲ. ಅವುಗಳಿಗೆ ಸೇರಿಸುವುದಲ್ಲದೆ ಅಳಿಸುವುದು ತಿಳಿಯದು.

ರದ್ದತಿ ಮಾಡಲಾರದ ಕೆಲಸ

ರದ್ದತಿಯೆಂಬುದು ಒಂದು ಪ್ರಕಟಣೆ. ಅದನ್ನು ಕೇಳಿದವರ ಮೇಲೆ ಮಾತ್ರ ಅದರ ಪರಿಣಾಮ. ಸ್ನೇಹಿತರು ತಮ್ಮ ಕೀಲಿಗೊಂಚಲನ್ನು ಸರ್ವರಿನಿಂದ ನವೀಕರಿಸದಿದ್ದರೆ ಅವರ ಯಂತ್ರದಲ್ಲಿ ನಿಮ್ಮ ಹಳೆಯ ಕೀಲಿ ಇನ್ನೂ ಸಿಂಧುವೇ. ಹಿಂದೆ ಬಂದ ಪತ್ರಗಳಿಗೂ ಅದು ಬೀಗ ಹಾಕಲಾರದು: ಕೀಲಿಯನ್ನು ಕದ್ದವನ ಬಳಿ ಆ ಪತ್ರಗಳೂ ಇದ್ದು ಪಾಸ್‌ಫ್ರೇಸೂ ತಿಳಿದಿದ್ದರೆ, ಅವನು ಅವುಗಳನ್ನು ರದ್ದತಿಯ ಮರುದಿನವೂ ಓದಬಲ್ಲ. ಕಳುವಾದ ಕೀಲಿಯ ವಿಷಯದಲ್ಲಿ ಹಿಂದಿನ ಪತ್ರಗಳಲ್ಲಿದ್ದ ಗುಟ್ಟುಗಳು, ಪಾಸ್‌ವರ್ಡುಗಳು, ಸುದ್ದಿಮೂಲಗಳ ಹೆಸರುಗಳು ಬಯಲಾಗಿವೆಯೆಂದೇ ಗಣಿಸಿ, ಸಂಬಂಧಪಟ್ಟವರನ್ನು ಎಚ್ಚರಿಸುವುದು ನಿಮ್ಮ ಕರ್ತವ್ಯ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಿಮ್ಮನ್ನು ನಂಬಿ ಬರೆದವರ ಕ್ಷೇಮ ಇದರ ಮೇಲೆ ನಿಂತಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ರದ್ದತಿ ಪತ್ರವನ್ನು ಭದ್ರವಾಗಿಡಬೇಕೆಂಬ ಉತ್ಸಾಹದಲ್ಲಿ ಅದನ್ನು ಅದೇ ಕೀಲಿಗೆ ಎನ್‌ಕ್ರಿಪ್ಟ್ ಮಾಡಿಡುವವರಿದ್ದಾರೆ. ಕೀಲಿ ಹೋದ ದಿನ ಪತ್ರವೂ ಅದರೊಡನೆ ಹೋಗುತ್ತದೆ. ಇದರ ಇನ್ನೊಂದು ರೂಪ, ಗ್ನೂಪಿಜಿ ಕೀಲಿಯಿಂದಲೇ ಮುಚ್ಚಲ್ಪಡುವ 'ಪಾಸ್' ಎಂಬ ಪಾಸ್‌ವರ್ಡ್ ಭಂಡಾರದೊಳಗೆ ಆ ಕೀಲಿಯ ಪಾಸ್‌ಫ್ರೇಸನ್ನೇ ಇಡುವುದು.

ಲ್ಯಾಪ್‌ಟಾಪ್ ಕಳುವಾದ ಮೇಲೆ ಪಾಸ್‌ಫ್ರೇಸ್ ಬದಲಾಯಿಸಿ ನಿಶ್ಚಿಂತರಾಗುವುದು ಮತ್ತೊಂದು. ಬದಲಾಗುವುದು ನಿಮ್ಮ ಬಳಿಯ ಪ್ರತಿ ಮಾತ್ರ. ಕಳ್ಳನ ಬಳಿಯದು ಹಳೆಯ ಪಾಸ್‌ಫ್ರೇಸಿಗೇ ತೆರೆಯುತ್ತದೆ. ಅದೇ ನ್ಯಾಯದಿಂದ ಬೀರುವಿನಲ್ಲಿಟ್ಟ ಹಳೆಯ ಬ್ಯಾಕಪ್ಪಿಗೂ ಹಳೆಯ ಪಾಸ್‌ಫ್ರೇಸೇ ಬೇಕಾದುದರಿಂದ, ಪಾಸ್‌ಫ್ರೇಸ್ ಬದಲಾಯಿಸಿದಾಗ ಬ್ಯಾಕಪ್ಪನ್ನೂ ಹೊಸದಾಗಿ ಮಾಡತಕ್ಕದ್ದು. ಮರೆತ ಪಾಸ್‌ಫ್ರೇಸನ್ನು ಮರುಹೊಂದಿಸಿಕೊಡುವ ಸಹಾಯವಾಣಿ ಇಲ್ಲಿಲ್ಲವಾಗಿ, ಅದನ್ನು ಮರೆಯುವುದೂ ಕೀಲಿಯನ್ನು ಕಳೆದುಕೊಂಡಂತೆಯೇ.

ರದ್ದಾಯಿತಲ್ಲ ಎಂದು ಹಳೆಯ ಖಾಸಗಿ ಕೀಲಿಯನ್ನು ಅಳಿಸಿಹಾಕುವುದೂ ತಪ್ಪೇ. ರದ್ದಾದ ಕೀಲಿಗೆ ಹೊಸ ಪತ್ರ ಬರೆಯಲು ಬಾರದಿದ್ದರೂ, ಹಳೆಯ ಪತ್ರಗಳನ್ನು ಅದರಿಂದ ಬಿಡಿಸಲು ಯಾವ ಅಡ್ಡಿಯೂ ಇಲ್ಲ. ಆ ಪತ್ರಗಳು ಬೇಕಾಗಿರುವವರೆಗೆ ಆ ಕೀಲಿಯೂ ಬೇಕು. ಇನ್ನು, ರದ್ದತಿ ಪತ್ರವನ್ನು ಪರೀಕ್ಷೆಗೆಂದು ತಮ್ಮ ಕೀಲಿಗೊಂಚಲಿಗೇ ಇಂಪೋರ್ಟ್ ಮಾಡಿಕೊಂಡವರು ಅಧೀರರಾಗಬೇಕಿಲ್ಲ. ಸರ್ವರಿಗೆ ಕಳುಹಿಸದಿದ್ದಲ್ಲಿ, ರದ್ದಾಗದ ಹಿಂದಿನ ಬ್ಯಾಕಪ್ಪಿನಿಂದ ಕೀಲಿಯನ್ನು ಮತ್ತೆ ಸ್ಥಾಪಿಸಿಕೊಳ್ಳಬಹುದು.

ಮನೆಯವರಿಗೆ ಬಿಟ್ಟುಹೋಗಬೇಕಾದ ಹಾಳೆ

ಕಾಯಿಲೆಯೋ ಮರಣವೋ ಒದಗಿದಾಗ ನಮ್ಮ ಕೀಲಿಯನ್ನು ಮುಚ್ಚುವವರು ಯಾರೆಂಬುದನ್ನೂ ಯೋಚಿಸತಕ್ಕದ್ದು. ರದ್ದತಿ ಪತ್ರವನ್ನು ಒಬ್ಬರೇ ಹಿಡಿದಿರಬಾರದೆನ್ನುವವರು ಆದಿ ಶಮೀರ್ 1979ರಲ್ಲಿ ಪ್ರಕಟಿಸಿದ ಹಂಚಿಕೆಯ ವಿಧಾನದಿಂದ ಅದನ್ನು ಐದು ಪಾಲು ಮಾಡಿ, ಯಾವ ಮೂವರು ಸೇರಿದರೂ ಪೂರ್ತಿಯಾಗುವಂತೆ ಐವರಿಗೆ ಕೊಡಬಹುದು. ಬಹುಜನರಿಗೆ ಅಷ್ಟು ಬೇಡ. ನಂಬಿಕೆಯ ಒಬ್ಬರ ಬಳಿ ಮುಚ್ಚಿದ ಲಕೋಟೆ ಸಾಕು. ಅದರೊಳಗೆ ರದ್ದತಿ ಪತ್ರದ ಮುದ್ರಿತ ಪ್ರತಿ, ಅದೇ ಕಡತವೂ ಸಾರ್ವಜನಿಕ ಕೀಲಿಯೂ ಇರುವ ಪೆನ್‌ಡ್ರೈವ್, ಮತ್ತು ಗಣಕವಿದ್ಯೆ ತಿಳಿಯದವರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದ ಒಂದು ಹಾಳೆ ಇರಲಿ: ಇದು ಏನು, ಯಾವ ಸಂದರ್ಭದಲ್ಲಿ ತೆರೆಯಬೇಕು, ತೆರೆದ ಮೇಲೆ ಯಾವ ಸ್ನೇಹಿತರ ಸಹಾಯ ಕೇಳಬೇಕು, ಯಾರಿಗೆಲ್ಲ ಸುದ್ದಿ ಮುಟ್ಟಿಸಬೇಕು. ವರ್ಷಕ್ಕೊಮ್ಮೆ ಕೀಲಿಯ ಅವಧಿಯನ್ನು ಮುಂದೂಡುವ ದಿನವೇ ಆ ಲಕೋಟೆಯೂ ಇದ್ದಲ್ಲಿಯೇ ಇದೆಯೇ ಎಂದು ಅವರನ್ನು ಕೇಳಿ ತಿಳಿದುಕೊಳ್ಳಿ. ಖಾಸಗಿ ಕೀಲಿಯನ್ನಾಗಲಿ ಅದರ ಪಾಸ್‌ಫ್ರೇಸನ್ನಾಗಲಿ ಆ ಲಕೋಟೆಯಲ್ಲಿ ಇಡಕೂಡದು.